ಹಾವು ಸಾಕೋದು ಬೇಡ, ಹಾವಿನ ವಿಷಯದಲ್ಲಿ ಒಗ್ಗಟ್ಟು ಬೇಕು

ವಿದೇಶದಲ್ಲಿ ಹವ್ಯಾಸಕ್ಕೆ ಹಾವು ಸಾಕಿ ಮರಿ ಮಾಡಿಸೋ ವಿಡಿಯೋ ನೋಡಿ, "ಸಾರ್, ನಾವೂ ಮಾಡಬಹುದಾ?" ಅಂತ ಹಿರಿಯೂರು, ಹೊಸದುರ್ಗ ಕಡೆಯ ಹುಡುಗರು ನನ್ನನ್ನು ಕೇಳುತ್ತಾರೆ. ಆಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಾಗರ, ಕೇರೆಯಂಥ ನಮ್ಮ ಹಾವುಗಳನ್ನು ಹಿಡಿದು ಮನೇಲಿಟ್ಟುಕೊಳ್ಳೋದು ಅಪರಾಧ.

ಆದರೂ ಹಾವಿನ ಮೇಲಿನ ಆಸಕ್ತಿ ದಂಡವಾಗಬೇಕಿಲ್ಲ. ತಮಿಳುನಾಡಿನ ಇರುಳರನ್ನೇ ನೋಡಿ. ಹಾವಿನ ಚರ್ಮದ ವ್ಯಾಪಾರ ನಿಷೇಧವಾಗಿ ಹೊಟ್ಟೆಪಾಡು ಹೋದಾಗ, 1978ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಸರ್ಕಾರದ ಅನುಮತಿ ಪಡೆದು ಹಾವು ಹಿಡಿದು, ವಿಷ ತೆಗೆದು, ಮತ್ತೆ ಹೊರಗೆ ಬಿಡುತ್ತಾರೆ. ಆ ವಿಷದಿಂದಲೇ ಹಾವು ಕಡಿತದ ಔಷಧಿ ತಯಾರಾಗುತ್ತೆ.

ನಮ್ಮ ಗುರಿ ಬೇರೆ: ಜನವೂ ಉಳೀಬೇಕು, ಶೇಂಗಾ ಹೊಲದ ಇಲಿ ತಿನ್ನೋ ಕೇರೆಹಾವೂ ಉಳೀಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಗೆಳೆಯರು ಒಂದು ವಾಟ್ಸ್‌ಆಪ್ ಗುಂಪು ಮಾಡಿಕೊಂಡು ಈ ಮೂರಕ್ಕೆ ಒಪ್ಪಿಕೊಳ್ಳಿ.

1. ಹಾವು ಕಂಡರೆ ಕೊಲ್ಲಬೇಡಿ, ವಿಡಿಯೋಗೋಸ್ಕರ ಹಿಡಿಯಲೂಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.

2. ರಾತ್ರಿ ನೀರು ಕಟ್ಟೋಕೆ ಹೋಗುವಾಗ ಟಾರ್ಚ್, ಗಂಬೂಟು ಇರಲಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ. ಗರಗಸ ಮಂಡಲ ಅಲ್ಲೇ ಅಡಗಿರುತ್ತೆ.

3. ಕಚ್ಚಿದರೆ ಕುಯ್ಯಬೇಡಿ, ಬಿಗಿದು ಕಟ್ಟಬೇಡಿ, ಮಂತ್ರ, ನಾಟಿ ಮದ್ದು ಅಂತ ಹೊತ್ತು ಕಳೀಬೇಡಿ. ಕಚ್ಚಿದ ಭಾಗ ಅಲುಗಾಡದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ.

ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಔಷಧಿ ಇದೆ ಅಂತ ಇವತ್ತೇ ವಿಚಾರಿಸಿ, ಗುಂಪಿನಲ್ಲಿ ಹಾಕಿ.