ಯಾರ ಮಗು ನೀನು?

ನಮ್ಮ ಧಾರವಾಡ ಸೀಮೆಯ ಯಾವ ಹಳ್ಳಿಗೆ ಹೋದರೂ, ಅಗಸೆಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಅಪರಿಚಿತ ಹುಡುಗನನ್ನು ಕಂಡೊಡನೆ ಕೇಳುವ ಪ್ರಶ್ನೆ ಒಂದೇ: “ಯಾರ ಮಗನೋ ತಮ್ಮಾ ನೀ?” ನವಲಗುಂದ, ಅಣ್ಣಿಗೇರಿಗಳ ಎರೆಯ ಸೀಮೆಯಲ್ಲಾಗಲಿ, ಕಲಘಟಗಿಯ ಕಾಡಂಚಿನಲ್ಲಾಗಲಿ ಈ ಪ್ರಶ್ನೆ ಬದಲಾಗುವುದಿಲ್ಲ. ಇದರಲ್ಲಿ ಅಕ್ಕರೆಯುಂಟು, ದಾರಿ ತಪ್ಪಿದ ಮಗುವನ್ನು ಮನೆ ಮುಟ್ಟಿಸುವ ಕಾಳಜಿಯುಂಟು. ಆದರೆ ಮಗುವಿನ ಕುಲವನ್ನೂ ಅಂತಸ್ತನ್ನೂ ಅಳೆದು ನೋಡುವ ಮೊಳಕೋಲೂ ಇದೇ ಪ್ರಶ್ನೆಯಲ್ಲಿ ಅಡಗಿದೆ. ಉತ್ತರ ಕೇಳಿದ ಮೇಲೆ ಹಿರಿಯರ ಮುಖದಲ್ಲಿ ಮೂಡುವ ಭಾವವನ್ನು ಮಗು ತಪ್ಪದೆ ಗಮನಿಸುತ್ತದೆ. ಅಕ್ಷರ ಕಲಿಯುವ ಮೊದಲೇ ಅದು ಈ ಓದನ್ನು ಕಲಿತಿರುತ್ತದೆ.

ಮಕ್ಕಳು ಕೆಟ್ಟರೆ ತಾಯಿತಂದೆಯರನ್ನು ದೂರುವುದು, ಮುಂದೆ ಬಂದರೆ ಅವರ ಪುಣ್ಯವನ್ನು ಹೊಗಳುವುದು ನಮ್ಮ ವಾಡಿಕೆ. ಮನೆಯ ಹೊಣೆ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗು ಹೊಸ್ತಿಲು ದಾಟಿದ ಕ್ಷಣದಿಂದ ಓಣಿಯೂ ಅದನ್ನು ಬೆಳೆಸತೊಡಗುತ್ತದೆ. ಈ ಮಾತಿಗೆ ನಮ್ಮ ನೆಲದ ಇಬ್ಬರು ಮಕ್ಕಳ ಕಥೆಯೇ ಸಾಕ್ಷಿ. ಇಬ್ಬರೂ ಅವಿಭಕ್ತ ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದವರು; ಇಬ್ಬರೂ ಮುಂದೆ ಕುಂದಗೋಳದ ಒಬ್ಬರೇ ಗುರುಗಳಲ್ಲಿ ಸಂಗೀತ ಕಲಿತವರು; ಇಬ್ಬರ ಹೆಸರನ್ನೂ ನಾಡೆಲ್ಲ ಬಲ್ಲುದು.

ಅಂಗಿಯ ಮೇಲಿನ ಬರಹ

ಮೊದಲನೆಯವನು 1922ರ ಫೆಬ್ರುವರಿ 4ರಂದು ಹುಟ್ಟಿದ ಭೀಮಸೇನ ಜೋಶಿ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹುಡುಗನಿಗೆ ಎಳವೆಯಿಂದಲೂ ಹಾಡಿನ ಹುಚ್ಚು. ಭಜನೆಯ ಮೇಳವೋ ಮೆರವಣಿಗೆಯ ವಾದ್ಯವೋ ಕಿವಿಗೆ ಬಿದ್ದರೆ ಸಾಕು, ಅದರ ಬೆನ್ನು ಹತ್ತಿ ಹೋಗಿಬಿಡುವನು. ದಣಿದಲ್ಲಿಯೇ ಮಲಗಿ ನಿದ್ದೆಹೋಗುವನು. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೊಂದು ಉಪಾಯ ಮಾಡಿದರು. ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಅಂದಿನಿಂದ ಕಂಡವರು ಆ ಬರಹವನ್ನು ಓದಿ ಹುಡುಗನನ್ನು ಮನೆಗೆ ತಂದು ಬಿಡತೊಡಗಿದರು.

ಕೇಳಿ ನಗುವಂಥ ಪ್ರಸಂಗವೇ ಸರಿ. ಆದರೆ ಆ ತಂದೆಗೆ ಊರಿನ ಮೇಲಿದ್ದ ಭರವಸೆಯನ್ನೂ ನೋಡಬೇಕು. ಬರಹವನ್ನು ಓದಿದವರು ಮಗುವನ್ನು ಎತ್ತಿಕೊಂಡು ಬರುವರೇ ಹೊರತು ಎಬ್ಬಿಸಿ ಗದರಿ ಅಟ್ಟುವುದಿಲ್ಲವೆಂಬ ನಂಬಿಕೆ ಅವರಿಗಿತ್ತು. ಮಾಸ್ತರರೆಂಬ ಪದಕ್ಕೆ ಊರು ಕೊಟ್ಟ ಗೌರವ ಮಗನ ಮೈಮೇಲಿನ ರಕ್ಷೆಯಾಯಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು ಓಡಿದಾಗಲೂ ಈ ಹುಡುಗನನ್ನು ಜನರೇ ಕಾಪಾಡಿದರು. ರೈಲಿನ ಸಹಪ್ರಯಾಣಿಕರು ಅವನ ಹಾಡು ಕೇಳಿ ನೆರವಾದರು. ಗ್ವಾಲಿಯರ್, ಕಲಕತ್ತೆಗಳನ್ನು ಸುತ್ತಿ ಜಾಲಂಧರವನ್ನು ಸೇರಿದ ಅವನಿಗೆ, ನಿಮ್ಮ ಸೀಮೆಯಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರವೇಕೆ ಬಂದೆ ಎಂದು ಬುದ್ಧಿ ಹೇಳಿದವರು ಗಾಯಕ ವಿನಾಯಕರಾವ್ ಪಟವರ್ಧನರು. 1936ರಲ್ಲಿ ಹುಡುಗ ಕುಂದಗೋಳಕ್ಕೆ ಬಂದು ಗುರುಗಳ ಮನೆ ಸೇರಿದನು.

ಮಾವಿನ ಗಿಡದ ಕೆಳಗೆ

ಎರಡನೆಯವಳು 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತವನ್ನು ಬಲ್ಲ ಹಾಡುಗಾರ್ತಿ. ಮನೆಯಲ್ಲಿ ಸಂಗೀತಕ್ಕಾಗಲಿ ಪ್ರೀತಿಗಾಗಲಿ ಕೊರತೆಯಿರಲಿಲ್ಲ. ಮಗಳು ಹಿಂದೂಸ್ತಾನಿ ಪದ್ಧತಿಯನ್ನು ಕಲಿಯುವಾಗ ತನ್ನ ಹಾಡಿನ ಛಾಯೆ ಅದಕ್ಕೆ ತಾಗಬಾರದೆಂದು ತಾವೇ ಹಾಡುವುದನ್ನು ಬಿಟ್ಟ ತಾಯಿ ಅವರು. ಮಗುವಿಗಾಗಿ ಇದಕ್ಕಿಂತ ಹೆಚ್ಚಿನ ತ್ಯಾಗವನ್ನು ಯಾವ ಮನೆ ಮಾಡೀತು?

ಆದರೆ ಹೊಸ್ತಿಲಾಚೆ ಬೇರೆಯೇ ಲೋಕವಿತ್ತು. ಶುಕ್ರವಾರ ಪೇಟೆಯ ಓಣಿಯಲ್ಲಿ ಆ ಬಾಲಕಿಯನ್ನು ‘ಗಾನೇವಾಲಿ’ ಎಂದು ಹಂಗಿಸುವ ನಾಲಿಗೆಗಳಿದ್ದವು. ಒಮ್ಮೆ ಎಲ್ಲ ಮಕ್ಕಳಂತೆ ಅವಳೂ ನೆರೆಯವರ ಹಿತ್ತಲಿಗೆ ನುಗ್ಗಿ ಮಾವಿನಕಾಯಿ ಕದ್ದಳು. ಕಾಯಿ ಹೋಯಿತೆಂದು ಅವರಿಗೆ ಅಷ್ಟು ಸಿಟ್ಟು ಬರಲಿಲ್ಲ. ಹಾಡುವವಳ ಮಗಳು ತಮ್ಮ ಹಿತ್ತಲಲ್ಲಿ ಕಾಲಿಟ್ಟಳಲ್ಲಾ ಎಂದು ಸಿಟ್ಟು ಬಂದಿತು. ಮುಂದೆ ಹೆಸರು ಬಂದ ಮೇಲೆ ಅದೇ ಜನ ತಮ್ಮನ್ನು ಊಟಕ್ಕೆ ಕರೆದರೆಂದು ಗಂಗೂಬಾಯಿಯವರು ಮುಪ್ಪಿನಲ್ಲಿ ನೆನಪಿಸಿಕೊಳ್ಳುತ್ತಿದ್ದರು.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದರ ಗಂಗೂಬಾಯಿಯೂ ಒಬ್ಬಳು. ಅಷ್ಟು ದೊಡ್ಡ ಸಭೆಯಲ್ಲಿ ಆ ಬಾಲಕಿಯನ್ನು ಕಾಡಿದ ಅಂಜಿಕೆ ಯಾವುದು? ಸ್ವರ ತಪ್ಪೀತೆಂಬುದಲ್ಲ, ಊಟವಾದ ಮೇಲೆ ತನ್ನ ಜಾತಿಯ ಕಾರಣದಿಂದ ಎಂಜಲೆಲೆ ಎತ್ತಲು ಹೇಳುವರೋ ಏನೋ ಎಂಬ ಅಂಜಿಕೆ! ಈ ಭಯವನ್ನು ಅವಳಿಗೆ ಕಲಿಸಿದ್ದು ಮನೆಯಲ್ಲ. ಅಂಬಾಬಾಯಿಯವರ ಅಕ್ಕರೆ ಎಷ್ಟೇ ಅಪಾರವಾಗಿದ್ದರೂ ಓಣಿಯ ನೋಟದಿಂದ ಮಗಳನ್ನು ಮರೆಮಾಡುವುದು ಅದಕ್ಕೆ ಸಾಧ್ಯವಾಗಲಿಲ್ಲ.

ಒಂದು ಮಗುವಿನ ಅಂಗಿಯ ಮೇಲೆ ತಂದೆ ಬರೆದನು. ಇನ್ನೊಂದರ ಬೆನ್ನ ಮೇಲೆ ಓಣಿ ಬರೆಯಿತು.

ಗುರುಗಳ ಮನೆ

ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ಅಲ್ಲಿಯ ರಾಮಭಾವು ಕುಂದಗೋಳಕರರೇ ಸವಾಯಿ ಗಂಧರ್ವರು. ಅವರಿಗೆ ವಿದ್ಯೆ ಧಾರೆಯೆರೆದವರು ಉಸ್ತಾದ್ ಅಬ್ದುಲ್ ಕರೀಂ ಖಾನರು. ತಾವು ಪಡೆದುದನ್ನು ಅವರು ಭೇದವೆಣಿಸದೆ ಹಂಚಿದರು. ಮಾಸ್ತರರ ಮಗ ಭೀಮಸೇನ, ಹಾಡುಗಾರ್ತಿಯ ಮಗಳು ಗಂಗೂಬಾಯಿ, ಮುಂಬಯಿಯ ಪಾರ್ಸಿ ತರುಣ ಫಿರೋಜ್ ದಸ್ತೂರ್, ಮೂವರೂ ಅವರ ಶಿಷ್ಯರೇ. ತಾಯಿಯಾದ ಮೇಲೂ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಪಾಠ ಹೇಳಿಸಿಕೊಂಡರು. ಓಣಿ ಕುಲವನ್ನು ಕೇಳಿದರೆ, ಗುರುಗಳು ಸ್ವರವನ್ನು ಕೇಳಿದರು. ಓಣಿಯೂ ಸಮಾಜವೇ, ಗುರುಗಳ ಮನೆಯೂ ಸಮಾಜವೇ. ಮಗುವಿಗೆ ಯಾವುದು ಎದುರಾದೀತೆಂಬುದು ನಮ್ಮ ಕೈಯಲ್ಲಿದೆ.

2002ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣ, 2008ರಲ್ಲಿ ಭೀಮಸೇನರಿಗೆ ಭಾರತರತ್ನ ಘೋಷಣೆಯಾದವು. ‘ಅವಮಾನ ಉಂಡರೂ ಗಂಗೂಬಾಯಿ ಗೆದ್ದರಲ್ಲ’ ಎಂದು ಕೆಲವರು ಸಮಾಧಾನ ಪಟ್ಟುಕೊಳ್ಳಬಹುದು. ಅದು ಸರಿಯಲ್ಲ. ಗೆದ್ದವರ ಹೆಸರು ನಮಗೆ ತಿಳಿದಿದೆ; ಅದೇ ಬಗೆಯ ಮಾತು ಕೇಳಿ ಬಾಯಿ ಮುಚ್ಚಿಕೊಂಡ ಮಕ್ಕಳ ಹೆಸರು ಯಾರಿಗೂ ತಿಳಿದಿಲ್ಲ.

ಇಂದಿನ ಮಕ್ಕಳು

ಅಂದಿನಿಂದ ಕಾಲ ಬದಲಾಗಿದೆಯೆಂಬುದು ನಿಜ. 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯಿಂದ ಹಳ್ಳಿಹಳ್ಳಿಗೆ ಅಂಗನವಾಡಿ ಬಂದಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ತೊಡಗಿ ಮುಂದೆ ಎಲ್ಲೆಡೆ ಹಬ್ಬಿದ ಅಕ್ಷರ ದಾಸೋಹ, ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಬಿಸಿಯೂಟ ಬಡಿಸುತ್ತಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸು ನೋಯಿಸಿ ಪೀಡಿಸುವುದನ್ನೂ ನಿಷೇಧಿಸಿದೆ. ಆದರೆ ಕಾಯಿದೆಯ ಕೈ ಶಾಲೆಯ ಅಂಗಳವನ್ನು ಮುಟ್ಟೀತು. ನಮ್ಮ ಪಡಸಾಲೆಯನ್ನು ಮುಟ್ಟಲಾರದು. ಮಗ ಗೆಳೆಯನನ್ನು ಮನೆಗೆ ಕರೆತಂದಾಗ ನಾವು ಮೊದಲು ಕೇಳುವುದೇನು? ಕೆಲಸದಾಕೆಯ ಮಗಳಿಗೆ ಚಹಾ ಕೊಡುವ ಲೋಟ ಯಾವುದು? ಪಟ್ಟಣದ ಸುಶಿಕ್ಷಿತರಾದ ನಾವು ಈ ಪ್ರಶ್ನೆಗಳನ್ನು ಹಾಕಿಕೊಳ್ಳಲೇಬೇಕು.

ನಾನೂ ಇದಕ್ಕೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ವಿದ್ಯಾರ್ಥಿಗಳ ಸೇವಾ ಶಿಬಿರ ನಡೆದಿತ್ತು. ಸಂಜೆಯ ಹೊತ್ತು ಊರ ಮಕ್ಕಳಿಗೆ ಹಾಡು, ಆಟ. ಏಳೆಂಟು ವರ್ಷದ ಒಬ್ಬ ಹುಡುಗ ಮಾತ್ರ ದೂರದಲ್ಲಿ ಕಂಬಕ್ಕೆ ಒರಗಿ ನೋಡುತ್ತಿದ್ದ. ರೂಢಿಯಂತೆ ಕೇಳಿದೆ: “ಯಾರ ಮಗನೋ ತಮ್ಮಾ ನೀ?” ಅವನು ತಲೆ ತಗ್ಗಿಸಿ, “ನಾವು ಈ ಊರಾವ್ರಲ್ರೀ, ದುಡಿಯಾಕ ಬಂದವ್ರು” ಎಂದ. ನಾನು ಕೇಳಿದ್ದು ತಂದೆಯ ಹೆಸರು. ಅವನು ಹೇಳಿದ್ದು ಊರು ತನಗೆ ಕೊಟ್ಟಿದ್ದ ಸ್ಥಾನ. ನನ್ನ ಪ್ರಶ್ನೆಗೆ ನಾನೇ ನಾಚಿದೆ.

ಮರುದಿನ ಪ್ರಶ್ನೆಯನ್ನು ಬದಲಿಸಿದೆ: “ನಿನ್ನ ಹೆಸರೇನಪ್ಪಾ?” ಮೆಲ್ಲಗೆ ಹೇಳಿದ. ನಮ್ಮ ವಿದ್ಯಾರ್ಥಿನಿಯೊಬ್ಬಳು ಆ ಹೆಸರು ಹಿಡಿದು ಕೂಗಿ ಆಟಕ್ಕೆ ಕರೆದಳು. ಮೂರನೆಯ ಸಂಜೆ ಎಲ್ಲರಿಗಿಂತ ಎತ್ತರದ ದನಿ ಅವನದೇ ಆಗಿತ್ತು.

ಐದನೆಯ ದಿನ ಅವನು ಬರಲಿಲ್ಲ. ಸುಗ್ಗಿ ಮುಗಿದು ಅವನ ಮನೆಯವರು ಮುಂದಿನ ಊರಿಗೆ ಹೋಗಿದ್ದರು. ಆಟಕ್ಕೆ ವೃತ್ತ ಕಟ್ಟಿ ನಿಂತ ಊರ ಮಕ್ಕಳು ಸುತ್ತ ನೋಡಿ, ಅವನ ಹೆಸರು ಹಿಡಿದು, “ಎಲ್ಲಿ ಹೋದಾ ಅಂವಾ?” ಎಂದು ಕೇಳಿದರು. ಅವನು ಯಾರ ಮಗನೆಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.