ಚೇಷ್ಟೆಯಲ್ಲದ ಚೇಷ್ಟೆ

ಸಂಸ್ಕೃತದಲ್ಲಿ ‘ಚೇಷ್ಟಾ’ ಎಂದರೆ ಅಂಗಾಂಗಗಳ ಚಲನೆ; ಅದರಲ್ಲಿ ದೋಷಾರೋಪಣೆ ಏನೂ ಇಲ್ಲ. ಆ ಮಾತು ಕನ್ನಡಕ್ಕೆ ಬಂದು, ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಬಳಕೆಯಾಗಿ, ತುಂಟತನವೆಂಬ ಅರ್ಥವನ್ನು ಪಡೆಯಿತು. ಅರ್ಥಾಂತರಕ್ಕೆ ಇದನ್ನೊಂದು ನಿದರ್ಶನವೆಂದು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದವನು ನಾನು. ಒಬ್ಬ ಹುಡುಗನ ವಿಷಯದಲ್ಲಿ ಆ ಅರ್ಥಾಂತರವನ್ನು ನಾನೇ ಮಾಡಿಬಿಟ್ಟೆನೆಂಬುದು ತಡವಾಗಿ ತಿಳಿಯಿತು.

ಅವನು ಅರಕಲಗೂಡಿನ ಕಡೆಯವನು. ಬೆಳಗಿನ ಬಸ್ಸು ಹಿಡಿದು ಹಾಸನದ ನಮ್ಮ ಕಾಲೇಜಿಗೆ ಬರುತ್ತಿದ್ದ. ನಾನು ಹಳಗನ್ನಡದ ಪದ್ಯವೊಂದನ್ನು ಅನ್ವಯಿಸುತ್ತಿರುವಾಗ ಹಿಂದಿನ ಸಾಲಿನಿಂದ ‘ಹುಂ, ಹುಂ’ ಎಂಬ ಗಂಟಲ ಸದ್ದು ಕೇಳುತ್ತಿತ್ತು. ಹರಿಕಥೆಯಲ್ಲಾದರೆ ಹೂಂಗುಟ್ಟುವವನಿಗೆ ಮರ್ಯಾದೆಯುಂಟು. ಕಾಲೇಜಿನಲ್ಲಿ ಅದು ಪರಿಹಾಸ್ಯ. ಗದರಿದೆ, ಸದ್ದು ಹೆಚ್ಚಾಯಿತು. ಇದು ಹಟವೇ ಸರಿಯೆಂದುಕೊಂಡು ಹೊರಗೆ ಹೋಗೆಂದೆ. ಹೋದ. ಹದಿನೈದು ದಿನ ಬರಲೇ ಇಲ್ಲ.

ಬಂದವರು ಅವನ ತಂದೆ, ಹೊಗೆಸೊಪ್ಪು ಬೆಳೆಯುವ ರೈತರು. “ಏಳನೆಯ ವಯಸ್ಸಿನಲ್ಲಿ ಕಣ್ಣು ಮಿಟುಕಿಸುವುದರಿಂದ ಶುರುವಾಯಿತು ಸ್ವಾಮಿ. ಆಮೇಲೆ ಕತ್ತು ಕೊಂಕಿಸಿದ. ಈಗ ಗಂಟಲು” ಎಂದರು. ರಾಮನಾಥಪುರದ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದಾಗಿತ್ತು. ಕಣ್ಣಿಗೊಬ್ಬ ವೈದ್ಯರು, ಗಂಟಲಿಗೊಬ್ಬರು ಆಗಿದ್ದರು. ಬೆತ್ತವನ್ನೂ ಬಿಟ್ಟಿರಲಿಲ್ಲವೆಂದು ಹೇಳುವಾಗ ಅವರು ನೆಲವನ್ನು ನೋಡುತ್ತಿದ್ದರು.

ಆ ರಾತ್ರಿ ನನಗೆ ಹೊಳೆನರಸೀಪುರದ ನೆನಪಾಯಿತು. ನಾನು ಓದಿದ ಮಾಧ್ಯಮಿಕ ಶಾಲೆಯಲ್ಲಿ ಬಲಭುಜವನ್ನು ಗಳಿಗೆಗೊಮ್ಮೆ ಮೇಲೆ ಕುಣಿಸುವ ಸಹಪಾಠಿಯೊಬ್ಬನಿದ್ದ. ಶಾಲೆ ಬಿಟ್ಟಮೇಲೆ ಹೇಮಾವತಿಯ ದಂಡೆಯಲ್ಲಿ ನಾವೆಲ್ಲ ಅವನನ್ನು ಅಣಕಿಸುತ್ತಿದ್ದೆವು. ಎಲ್ಲರಿಗಿಂತ ಚೆನ್ನಾಗಿ ಅಣಕಿಸುತ್ತಿದ್ದವನು ನಾನು. ಏಳನೆಯ ತರಗತಿಯ ನಡುವೆ ಅವನು ಶಾಲೆ ಬಿಟ್ಟ. ಆ ಭುಜದ ಕುಣಿತವನ್ನು ನಾನು ಈಗಲೂ ತಪ್ಪಿಲ್ಲದೆ ಮಾಡಬಲ್ಲೆ.

ಮನಶ್ಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಇದಕ್ಕೆ ಟಿಕ್ ಎಂಬ ಹೆಸರನ್ನು ಹೇಳಿದರು. ಚಲನೆಯೂ ಧ್ವನಿಯೂ ಎರಡೂ ಕಾಣಿಸಿಕೊಂಡು ವರ್ಷವನ್ನು ಮೀರಿದರೆ ಅದಕ್ಕೆ ಟೂರೆಟ್ ಎಂಬ ವೈದ್ಯನ ಹೆಸರುಂಟು. ಅವನು 1885ರಲ್ಲಿ ಪ್ಯಾರಿಸ್ಸಿನ ಒಂಬತ್ತು ರೋಗಿಗಳನ್ನು ಕುರಿತು ಬರೆದಿದ್ದ. ಸಾಮಾನ್ಯವಾಗಿ ಐದಾರು ವರ್ಷ ವಯಸ್ಸಿನಲ್ಲಿ ತೊಡಗಿ, ಹತ್ತು ಹನ್ನೆರಡರ ಸುಮಾರಿಗೆ ಉಲ್ಬಣಿಸಿ, ಅನೇಕರಲ್ಲಿ ಯೌವನದ ಹೊತ್ತಿಗೆ ತಗ್ಗುತ್ತದೆ, ಕೆಲವರಲ್ಲಿ ತಗ್ಗುವುದಿಲ್ಲ. ಇದರ ಮೂಲ ಮೆದುಳಿನಲ್ಲಿದೆ, ವಂಶದಲ್ಲಿಯೂ ಹರಿದುಬರುತ್ತದೆ. ಸೀನಿಗೆ ಮುಂಚೆ ಮೂಗಿನಲ್ಲಿ ಏಳುವಂಥ ಒಂದು ತವಕ ಅದರ ಬೆನ್ನಿಗಿರುತ್ತದೆ. ನಮ್ಮ ಹುಡುಗ ಅದನ್ನು ಇನ್ನೂ ಚೆನ್ನಾಗಿ ಹೇಳಿದ: “ಗಂಟಲಲ್ಲಿ ರಾಗಿಯ ಸುಂಕು ಸಿಕ್ಕಿಕೊಂಡ ಹಾಗೆ, ಸಾರ್.”

ಈ ತವಕವನ್ನೇ ಹಿಡಿದು ನಡೆಯುವ ಚಿಕಿತ್ಸೆಯೊಂದಿದೆ. ಅಮೆರಿಕೆಯ ಅಜ್ರಿನ್ ಮತ್ತು ನನ್ ಎಂಬವರು 1973ರಲ್ಲಿ ಅದರ ಕ್ರಮವನ್ನು ಪ್ರಕಟಿಸಿದರು. ಔಷಧವಿಲ್ಲ, ಅದೊಂದು ಬಗೆಯ ಅಭ್ಯಾಸ. ತವಕ ಏಳುವ ಕ್ಷಣವನ್ನು ಗುರುತಿಸುವುದನ್ನು ಮೊದಲು ಕಲಿಸುತ್ತಾರೆ. ಬಳಿಕ, ಆ ಕ್ಷಣದಲ್ಲಿ ಟಿಕ್ಕಿಗೆ ಎದುರಾದ, ನೋಡುವವರ ಕಣ್ಣಿಗೆ ಬೀಳದ ಇನ್ನೊಂದು ಕ್ರಿಯೆಯನ್ನು ಕಲಿಸುತ್ತಾರೆ. ಭುಜ ಕುಣಿಯುವವನು ಮೊಳಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಬೇಕು. ಗಂಟಲು ಸದ್ದು ಮಾಡುವವನು ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡಬೇಕು. ಒಂದು ನಿಮಿಷವೋ, ತವಕ ಇಳಿಯುವವರೆಗೋ ಹಾಗೆ ಇದ್ದರೆ ಸಾಕು. ಒಂದು ಸಲಕ್ಕೆ ಒಂದೇ ಟಿಕ್. ಜೊತೆಗೆ, ಯಾವ ಸನ್ನಿವೇಶದಲ್ಲಿ ಅದು ಹೆಚ್ಚುತ್ತದೆಂದು ಲೆಕ್ಕ ಹಾಕಿ, ಮನೆಯವರೂ ಉಪಾಧ್ಯಾಯರೂ ತಮ್ಮ ನಡವಳಿಕೆಯನ್ನು ಬದಲಿಸಿಕೊಳ್ಳಬೇಕು. ಚಿಕಿತ್ಸೆಯ ಅರ್ಧ ಹೊರೆ ನಮ್ಮ ಮೇಲೆಯೇ ಬಿದ್ದಿದೆಯೆಂಬುದು ನನಗೆ ಹೊಸದು.

ಇದು ಮಾಯಾಮಂತ್ರವೇನಲ್ಲ. 2010ರಲ್ಲಿ ಅಮೆರಿಕೆಯಲ್ಲಿ 9ರಿಂದ 17 ವರ್ಷದ 126 ಮಕ್ಕಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಹತ್ತು ವಾರಗಳಲ್ಲಿ ಎಂಟು ಭೇಟಿ. ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 52.5 ಮಂದಿ ಸುಧಾರಿಸಿದರು; ತಿಳಿವಳಿಕೆಯನ್ನೂ ಧೈರ್ಯವನ್ನೂ ಮಾತ್ರ ಪಡೆದವರಲ್ಲಿ 18.5 ಮಂದಿ. ಉಳಿದವರಲ್ಲಿ ಕೆಲವರಿಗೆ ಔಷಧ ಬೇಕಾಗಬಹುದು. ಟಿಕ್ ಸೌಮ್ಯವಾಗಿದ್ದರೆ ಅದರ ಪಾಡಿಗೆ ಬಿಟ್ಟರೂ ಆದೀತು.

ಚನ್ನರಾಯಪಟ್ಟಣದಲ್ಲಿ ಉಪಾಧ್ಯಾಯರ ಕೂಟವೊಂದರಲ್ಲಿ ನಾನು ಇದನ್ನೆಲ್ಲ ವಿವರಿಸಿದಾಗ ಹಿರಿಯ ಮುಖ್ಯೋಪಾಧ್ಯಾಯರೊಬ್ಬರು ಎದ್ದು ಕೇಳಿದರು: “ತಡೆಯುವ ಶಕ್ತಿ ಹುಡುಗನಿಗೆ ಇದೆಯೆಂದು ನೀವೇ ಹೇಳಿದಂತಾಯಿತಲ್ಲ? ಹಾಗಾದರೆ ನಾವು ‘ನಿಲ್ಲಿಸು’ ಎಂದದ್ದು ಹೇಗೆ ತಪ್ಪು?” ಒಳ್ಳೆಯ ಪ್ರಶ್ನೆ. ರೆಪ್ಪೆ ಬಡಿಯದೆ ಎಷ್ಟು ಹೊತ್ತು ಇರಬಲ್ಲಿರಿ, ಇರುತ್ತಲೇ ನನ್ನ ಭಾಷಣವನ್ನು ಎಷ್ಟು ಗ್ರಹಿಸಬಲ್ಲಿರಿ ಎಂದು ನಾನು ಕೇಳಿದೆ. ಸಭೆ ನಕ್ಕಿತು, ಅವರು ನಗಲಿಲ್ಲ, ನಿಜವಾಗಿಯೇ ಪ್ರಯತ್ನಿಸಿ ನೋಡಿದರು. ‘ನಿಲ್ಲಿಸು’ ಎಂಬ ಆಜ್ಞೆಯಲ್ಲಿ ನಿಲ್ಲಿಸುವ ದಾರಿ ಇಲ್ಲ. ಅದು ಹುಡುಗನ ಗಮನವನ್ನು ಪಾಠದಿಂದ ಕಿತ್ತು ಗಂಟಲಿಗೆ ಕಟ್ಟುತ್ತದೆ. ನಲವತ್ತು ಜೊತೆ ಕಣ್ಣುಗಳನ್ನು ಅವನತ್ತ ತಿರುಗಿಸುತ್ತದೆ. ಆ ಭಯದಲ್ಲಿ ತವಕ ಇಮ್ಮಡಿಯಾಗುತ್ತದೆ. ಚಿಕಿತ್ಸಕರು ತಡೆಯೆಂದು ಗದರುವುದಿಲ್ಲ. ಹುಡುಗನ ಒಪ್ಪಿಗೆ ಪಡೆದು, ತವಕವನ್ನು ದಾಟಲು ಒಂದು ಕಾಲುಸಂಕವನ್ನು ಕೊಡುತ್ತಾರೆ.

ಆದರೆ ಆ ಚಿಕಿತ್ಸಕರು ಎಲ್ಲಿದ್ದಾರೆ? ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಇದನ್ನು ಬಲ್ಲ ಮನೋವಿಜ್ಞಾನಿಗಳು ಸಿಕ್ಕಾರು. ಹಾಸನದಿಂದ ಅದು ಸುಮಾರು 185 ಕಿಲೋಮೀಟರು. 2014ರಲ್ಲಿ ಸರಕಾರ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕಳುಹಿಸುವ ಕ್ರಮವನ್ನು ಆರಂಭಿಸಿತು, ಒಳ್ಳೆಯದೇ. ಆದರೆ ವಾರವಾರವೂ ಒಬ್ಬನೇ ಹುಡುಗನೊಡನೆ ಒಂದು ಗಂಟೆ ಕೂರುವ ಕೆಲಸ ಬೇರೆ. ಹೊಗೆಸೊಪ್ಪಿನ ಹದ ಕಾಯುವ ರೈತರು ಎಂಟು ಸಲ ಬೆಂಗಳೂರಿಗೆ ಹೋಗಿಬರುವುದು ಹೇಗೆ? ಇಂಗ್ಲೆಂಡಿನಲ್ಲಿ 224 ಮಕ್ಕಳಿಗೆ ಇದಕ್ಕೆ ಹತ್ತಿರದ ಇನ್ನೊಂದು ವರ್ತನಾ ಚಿಕಿತ್ಸೆಯನ್ನು ಅಂತರ್ಜಾಲದ ಮೂಲಕವೇ ಕೊಟ್ಟು ನೋಡಿದ ವರದಿ 2021ರಲ್ಲಿ ಬಂತು. ಫಲ ಕಂಡಿತೆಂದು ಅದು ಹೇಳಿತು. ನಮ್ಮ ಹುಡುಗನೂ ಬೆಂಗಳೂರಿನ ಚಿಕಿತ್ಸಕಿಯೊಬ್ಬರನ್ನು ಎರಡು ಸಲ ಕಂಡು, ಉಳಿದ ಪಾಠಗಳನ್ನು ಕಾಲೇಜಿನ ಖಾಲಿ ಕೊಠಡಿಯೊಂದರಲ್ಲಿ ಕುಳಿತು ಮೊಬೈಲಿನ ಪರದೆಯಲ್ಲಿ ಪಡೆದ. ಬಾಗಿಲಲ್ಲಿ ಕಾವಲು ನಾನು.

ಅವನೀಗ ಕೊನೆಯ ವರ್ಷದಲ್ಲಿದ್ದಾನೆ. ಸದ್ದು ಪೂರ್ತಿ ಹೋಗಿಲ್ಲ. ಪರೀಕ್ಷೆ ಹತ್ತಿರವಾದಾಗ ಮರಳಿ ಬರುತ್ತದೆ. ಮೊನ್ನೆ, ಪದ್ಯವನ್ನು ಯಾರು ಓದುತ್ತೀರಿ ಎಂದಾಗ ತಾನಾಗಿ ಎದ್ದು ನಿಂತ. ಓದುವಾಗ ಎರಡು ಸಲ ‘ಹುಂ’ ಎಂದ. ಮುಂದಿನ ಬೆಂಚಿನವನೊಬ್ಬ ತಿರುಗಿದ. ನಾನು ಪುಸ್ತಕದಿಂದ ತಲೆಯೆತ್ತಲಿಲ್ಲ. ಮೂರನೆಯ ಪಾದದಲ್ಲಿ ಪದಚ್ಛೇದ ತಪ್ಪಿತು. ಅದನ್ನು ತಿದ್ದಿದೆ.