ಓಲೆ ತೊಳೆಯುವ ಮುನ್ನ ತಿರುಗಿಸಿ ನೋಡಿ

ಗೌರಿ ಹಬ್ಬಕ್ಕೆ ಎರಡು ದಿನ ಮೊದಲು ನಮ್ಮ ಚಂದಕವಾಡಿ ಮನೆಯ ಜಗಲಿಯಲ್ಲಿ ಬಟ್ಟಲು, ಮೆತ್ತನೆ ಬ್ರಷ್ ಇಟ್ಟುಕೊಂಡು ಕೂರುವುದು ನನ್ನ ಪಾಲಿನ ಕೆಲಸ. ಮನೆಯವಳ ಏಳು ಕಲ್ಲಿನ ವಜ್ರದ ಓಲೆ ತೊಳೆಯಬೇಕು. ಈ ಸಲ ಆರನೇ ತರಗತಿಯ ಮೊಮ್ಮಗಳು ಪಕ್ಕದಲ್ಲಿ ಕೂತು ಕೇಳಿದಳು: "ತಾತ, ವಜ್ರ ಎಲ್ಲಕ್ಕಿಂತ ಗಟ್ಟಿ ಅಂತಾರೆ. ಮತ್ತೆ ಅಜ್ಜಿ ಓಲೆ ಯಾಕೆ ಮಂಕಾಗಿದೆ?"

ವಜ್ರ ಸವೆದಿಲ್ಲ ಮಗು, ಜಿಡ್ಡು ಹಿಡಿದಿದೆ ಎಂದೆ. ವಜ್ರವೆಂದರೆ ಇಂಗಾಲ. ಅದಕ್ಕೆ ನೀರು ಅಷ್ಟಾಗಿ ಅಂಟುವುದಿಲ್ಲ, ಎಣ್ಣೆ ಬೇಗ ಅಂಟುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿ ಗಣಿಗಳಲ್ಲಿ ಇದೇ ಗುಣವನ್ನು ಬಳಸಿಕೊಂಡರು. ಪುಡಿ ಮಾಡಿದ ಅದಿರನ್ನು ನೀರಿನೊಡನೆ ಗ್ರೀಸ್ ಬಳಿದ ಇಳಿಜಾರು ಮೇಜಿನ ಮೇಲೆ ಹರಿಸುತ್ತಿದ್ದರು. ಬೇರೆ ಕಲ್ಲುಗಳು ಕೊಚ್ಚಿ ಹೋಗುತ್ತಿದ್ದವು, ವಜ್ರ ಅಂಟಿಕೊಂಡು ಉಳಿಯುತ್ತಿತ್ತು. ಅಜ್ಜಿಯ ತಲೆಯ ಹರಳೆಣ್ಣೆಯೂ ಹಾಗೆಯೇ ಓಲೆಗೆ ಅಂಟುತ್ತದೆ. ಮುಂದಿನಿಂದ ಒಳಹೊಕ್ಕ ಬೆಳಕು ಕಲ್ಲಿನ ಬೆನ್ನಿಗೆ ತಾಗಿ ತಿರುಗಿ ಬಂದರೇ ಹೊಳಪು. ಬೆನ್ನಿಗೆ ಜಿಡ್ಡು ಕೂತರೆ ಮುಂದೆ ಎಷ್ಟು ಉಜ್ಜಿದರೂ ಅಷ್ಟೇ.

ಆದರೆ ತೊಳೆಯುವ ಮುನ್ನ ಒಡವೆಯನ್ನು ತಿರುಗಿಸಿ ನೋಡಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಈ ಕಲ್ಲುಗಳು ನಮ್ಮ ಅಮ್ಮನವು. ಆಗ ಓಲೆಯ ಹಿಂಬದಿ ಪೂರಾ ಮುಚ್ಚಿತ್ತು. ತಂಗಿಯ ಮದುವೆಯ ಹಿಂದಿನ ರಾತ್ರಿ ಫಳಫಳ ಮಾಡುತ್ತೇನೆಂದು ಬಿಸಿ ಸೋಪಿನ ನೀರಿನಲ್ಲಿ ನೆನೆಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎರಡು ಕಲ್ಲು ಮಸಿ ಹಿಡಿದ ಲಾಟೀನಿನ ಗಾಜಿನಂತಿದ್ದವು. ಅಮ್ಮ ಬೈಯಲಿಲ್ಲ. ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದುಕೊಂಡು ಧಾರೆಗೆ ನಿಂತಳು.

ಆಮೇಲೆ ಅಕ್ಕಸಾಲಿಗರು ಬಿಚ್ಚಿ ತೋರಿಸಿದರು. ಕಲ್ಲಿನ ಅಡಿಯಲ್ಲಿ ಹೊಳಪಿಗೆಂದು ಇಟ್ಟಿದ್ದ ತೆಳು ರೇಕು ನೀರು ಇಳಿದು ಕಪ್ಪಾಗಿತ್ತು. "ಕಲ್ಲು ಗಟ್ಟಿನೇ ಸ್ವಾಮಿ, ಅದು ಕೂತಿರೋ ಮನೆ ಗಟ್ಟಿಯಲ್ಲ" ಎಂದರು. ಹಿಂಬದಿ ತೆರೆದಿರುವಂತೆ ಹೊಸದಾಗಿ ಕಟ್ಟಿಕೊಟ್ಟರು.

ಆದ್ದರಿಂದ ಹಿಂಬದಿ ಮುಚ್ಚಿದ್ದರೆ ನೆನೆಹಾಕಬೇಡಿ. ಮುಂಭಾಗವನ್ನು ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿ. ಉಳಿದದ್ದು ಅಕ್ಕಸಾಲಿಗರ ಕೆಲಸ. ಮುತ್ತು, ಹವಳ, ಪಚ್ಚೆ ಜೊತೆಗಿದ್ದರೂ ಇದೇ ಕ್ರಮ.

ಹಿಂಬದಿ ತೆರೆದಿದ್ದರೆ, ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಸದ್ದು ಬಂದರೆ ಕಲ್ಲು ಸಡಿಲವಾಗಿದೆ, ತೊಳೆಯಬೇಡಿ. ಸದ್ದಿಲ್ಲದಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ 20 ನಿಮಿಷ ನೆನೆಸಿ. ನಮ್ಮ ಹಿರಿಯರು ಅಂಟುವಾಳದ ನೊರೆಯಲ್ಲಿ ತೊಳೆಯುತ್ತಿದ್ದರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುವ ಕಾಯಿ ಅದು. ಮೆತ್ತನೆ ಬ್ರಷ್‌ನಿಂದ ಹಿಂಬದಿಯನ್ನು ಹಗುರವಾಗಿ ಉಜ್ಜಿ, ಇನ್ನೊಂದು ಬಟ್ಟಲಿನ ನೀರಿನಲ್ಲಿ ಅದ್ದಿ, ಒರೆಸಿ, ನೆರಳಲ್ಲಿ ಆರಲು ಬಿಡಿ. ನಲ್ಲಿಯ ಕೆಳಗೆ, ಬಚ್ಚಲಲ್ಲಿ ತೊಳೆಯಲೇಬೇಡಿ. ಬಟ್ಟಲಿನ ನೀರನ್ನೂ ಬಟ್ಟೆಯಲ್ಲಿ ಸೋಸಿಯೇ ಚೆಲ್ಲಿ.

ಟೂತ್‌ಪೇಸ್ಟ್, ಬೂದಿ, ಅಡುಗೆ ಸೋಡಾ ಬೇಡ. ವಜ್ರಕ್ಕೆ ಏನೂ ಆಗದು, ಚಿನ್ನಕ್ಕೆ ಗೀರು ಬೀಳುತ್ತದೆ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಚಿನ್ನದಲ್ಲಿ ಬೆರೆತ ತಾಮ್ರ, ಬೆಳ್ಳಿಯನ್ನು ತಿಂದು ಕಲ್ಲು ಹಿಡಿದಿರುವ ಕೊಂಡಿಗಳನ್ನು ದುರ್ಬಲ ಮಾಡುತ್ತದೆ. ಎರಡು ವಜ್ರದ ಒಡವೆಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ವಜ್ರವನ್ನು ಗೀರುವುದು ಇನ್ನೊಂದು ವಜ್ರವೇ.

ಕೊನೆಗೆ ಮೊಮ್ಮಗಳು ಬೆರಳಿಟ್ಟು ಎಣಿಸಿದಳು: ಏಳು, ಏಳು, ಒಟ್ಟು ಹದಿನಾಲ್ಕು. ಓಲೆ ಹಾಕಿಕೊಂಡ ಅಜ್ಜಿಯ ಕಿವಿಯ ಮೇಲೆ ಬಿದ್ದಿದ್ದ ಸೆರಗನ್ನು ಅವಳೇ ಹಿಂದಕ್ಕೆ ಸರಿಸಿದಳು.